ಚಿಕ್ಕಪ್ಪ ಬಿಟ್ಟುಹೋದ ಕ್ಯಾಮರಾ

ಚಿಕ್ಕಪ್ಪ ತೀರಿಕೊಂಡಾಗ ನನ್ನ ಪಾಲಿಗೆಂದು ಬಿಟ್ಟುಹೋದದ್ದು ಒಂದು ಕ್ಯಾಮರಾ. ಫೋಟೊ ತೆಗೆಯುವಂಥದ್ದಲ್ಲ. ಸೊರಬದ ಅವರ ಮನೆಯ ಬಾಗಿಲ ಮೇಲೆ ಕೂತು, ಬಂದವರ ಚಿತ್ರವನ್ನು ನಡುಮನೆಯ ಸಣ್ಣ ಟಿವಿಗೆ ಕಳಿಸುವ ಕ್ಯಾಮರಾ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಸೊರಬದ ಮಾತು ಹಾಗಿರಲಿ, ಶಿವಮೊಗ್ಗದ ಮನೆಗಳಲ್ಲೂ ಅಂಥದ್ದನ್ನು ನಾನು ಕಂಡಿರಲಿಲ್ಲ.

ಚಿಕ್ಕಪ್ಪ ಎಂದರೆ ನನ್ನ ಅಮ್ಮನ ತಂಗಿಯ ಗಂಡ. ಅವರದು ಮೂಲೆಮನೆ. ಮನೆಯ ಬಾಗಿಲು ಓಣಿಯ ಕಡೆಗಿತ್ತು. ಅದೇ ಕಟ್ಟಡದ ಇನ್ನೊಂದು ಮಗ್ಗುಲಲ್ಲಿ, ಪೇಟೆ ರಸ್ತೆಗೆ ಮುಖ ಮಾಡಿ, ಅವರ ರೇಡಿಯೊ, ಟಿವಿ ರಿಪೇರಿ ಅಂಗಡಿ. ಮನೆಗೂ ಅಂಗಡಿಗೂ ನಡುವೆ ಒಂದೇ ಗೋಡೆ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಹೊರಗೆ ಬಂದು ಮೂಲೆ ತಿರುಗಬೇಕಿತ್ತು. ಚಿಕ್ಕಪ್ಪ ಮಾತು ಕಡಿಮೆಯ ಮನುಷ್ಯ. ನಾನು ಬಿ.ಎಸ್ಸಿ. ಮಾಡಿ ಶಿಕಾರಿಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ವಿಜ್ಞಾನ ಓದಿದವರಿಗೆ ವೈರುಗಳೆಲ್ಲ ತಾವಾಗಿ ಅರ್ಥವಾಗುತ್ತವೆ ಎಂದು ಅವರು ನಂಬಿದ್ದರೇನೋ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಚಿಕ್ಕಮ್ಮನಿಗೆ ಹೇಳಿದರಂತೆ: "ಆ ಕ್ಯಾಮರಾ ಸಾಮಾನೆಲ್ಲ ಅವಳಿಗೆ. ಅವಳು ನೋಡ್ಕಂತಾಳೆ."

ನನಗೆ ಅದರ ತಲೆಬುಡ ಗೊತ್ತಿರಲಿಲ್ಲ.

ಕ್ಯಾಮರಾ ಆ ಮನೆಗೆ ಬಂದದ್ದು ಚಿಕ್ಕಮ್ಮನಿಗಾಗಿ. ಸಣ್ಣವಳಿದ್ದಾಗ ಪೋಲಿಯೊ ಬಂದು ಅವಳ ಬಲಗಾಲು ಸೋತಿತ್ತು. ಕೋಲು ಹಿಡಿದು ನಿಧಾನಕ್ಕೆ ಓಡಾಡುತ್ತಿದ್ದಳು. ಕಾಲಲ್ಲಿ ತುಳಿಯುವ ಮಷಿನ್ನು ಆಗದೆಂದು, ಚಾಪೆಯ ಮೇಲೆ ಕೈಮಷಿನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಅವಳು ಹೊಲಿದ ರವಿಕೆ ಮೈಗೆ ಕೂರುವ ಬಗೆಯೇ ಬೇರೆ ಎಂದು ಕುಬಟೂರು, ಚಂದ್ರಗುತ್ತಿಯ ಕಡೆಯಿಂದೆಲ್ಲ ಹೆಂಗಸರು ಬರುತ್ತಿದ್ದರು. ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು, ಯಾಕೆಂದರೆ ಪ್ರತಿ ಸಲ ಎದ್ದು ಹೋಗಿ ತೆಗೆಯುವುದು ಅವಳಿಗೆ ಕಷ್ಟ. ಒಂದು ಮಧ್ಯಾಹ್ನ ಯಾರೋ ಒಳಗೆ ಬಂದವರು ಮದುವೆ ಮನೆಯೊಂದರ ರೇಷ್ಮೆ ಬಟ್ಟೆಯ ಗಂಟನ್ನು ಅವಳ ಕಣ್ಣೆದುರೇ ಎತ್ತಿಕೊಂಡು ನಡೆದರು. ಕೋಲು ಹುಡುಕಿ ಏಳುವಷ್ಟರಲ್ಲಿ ಓಣಿ ಖಾಲಿ. ಬಟ್ಟೆ ಹೋಯಿತೆಂದು ಅವಳು ಅಳಲಿಲ್ಲವಂತೆ. "ನನ್ನ ಮುಖ ನೋಡ್ಕಂಡೇ ಹೋದ ಕಣೆ. ಇವಳು ಏಳಲ್ಲ ಅಂತ ಅವನಿಗೆ ಗೊತ್ತಿತ್ತು" ಎಂದು ನನ್ನ ಹತ್ತಿರ ಹೇಳುವಾಗ ಮಾತ್ರ ಕೋಲನ್ನು ನೆಲಕ್ಕೆ ಕುಟ್ಟಿದಳು.

ಚಿಕ್ಕಪ್ಪ ಮರುವಾರವೇ ಬಸ್ಸು ಹತ್ತಿದರು. ಶಿವಮೊಗ್ಗದ ಬಂಗಾರದ ಅಂಗಡಿಯೊಂದರಲ್ಲಿ ಹಳೆಯದೆಂದು ತೆಗೆದು ಮೂಲೆಗೆ ಹಾಕಿದ್ದ ಕ್ಯಾಮರಾವನ್ನು ಹೇಗೋ ಸಂಪಾದಿಸಿಕೊಂಡು ಬಂದರು. ಅದರ ಚಿತ್ರವನ್ನು ಟಿವಿಗೆ ಸೇರಿಸಲು ಬೇಕಾದ್ದನ್ನು ಕೆಟ್ಟ ವಿಸಿಆರ್ ಒಂದರ ಹೊಟ್ಟೆಯಿಂದ ಕಿತ್ತು, ಒಂದು ತಗಡಿನ ಡಬ್ಬಿಯಲ್ಲಿ ಕೂರಿಸಿ, ಆ ಡಬ್ಬಿಯನ್ನು ಬಾಗಿಲ ಮೇಲಿನ ಅಟ್ಟದಲ್ಲಿಟ್ಟರು. ಹೊರಗೆ ಬೆಲ್ಲಿನ ಗುಂಡಿ. ಚಿಕ್ಕಮ್ಮನ ಮಷಿನ್ನಿನ ಪಕ್ಕ ಕಪ್ಪು ಬಿಳುಪಿನ ಸಣ್ಣ ಟಿವಿ. ಇನ್ನು ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಹಗ್ಗ. ತೊಲೆಗೆ ಹೊಡೆದ ಸಣ್ಣ ಗಾಲಿಗಳ ಮೇಲೆ ಹಾದು ಬಂದ ಆ ಹಗ್ಗವನ್ನು ಕೂತಲ್ಲಿಂದಲೇ ಎಳೆದರೆ ಮುಂಬಾಗಿಲ ಚಿಲಕ ಮೇಲೇಳುತ್ತಿತ್ತು. ಬೆಲ್ಲು ಆದಾಗ ಟಿವಿ ನೋಡುವುದು, ಬೇಕಾದವರಾದರೆ ಹಗ್ಗ ಎಳೆಯುವುದು, ಬೇಡದವರಾದರೆ ಕೂತಲ್ಲಿಂದಲೇ ಗದರುವುದು.

ಕ್ಯಾಮರಾ ಎತ್ತರದಲ್ಲಿ ಇದ್ದದ್ದರಿಂದ ಬಂದವರ ಮುಖಕ್ಕಿಂತ ನೆತ್ತಿಯೇ ಹೆಚ್ಚು ಕಾಣುತ್ತಿತ್ತು. ಚಿಕ್ಕಮ್ಮ ಊರಿನವರನ್ನೆಲ್ಲ ಬೈತಲೆಯಿಂದ, ರುಮಾಲಿನಿಂದ, ಬೋಳು ಮಂಡೆಯಿಂದ ಗುರುತಿಸುವುದನ್ನು ಕಲಿತಳು. "ಏನ್ರೀ, ಎಣ್ಣೆ ಹಚ್ಚೋದು ಬಿಟ್ರಾ?" ಎಂದು ಒಳಗಿನಿಂದ ಕೇಳಿದರೆ ಹೊರಗಿದ್ದ ಹೆಂಗಸು ಬೆಚ್ಚಿ ತಲೆ ಮುಟ್ಟಿಕೊಳ್ಳುತ್ತಿದ್ದಳು.

ಚಿಕ್ಕಪ್ಪ ಹೋದ ಮೇಲೆ ಅಂಗಡಿಯಲ್ಲಿದ್ದ ರೇಡಿಯೊ, ಟಿವಿಗಳನ್ನು ಅವುಗಳ ಯಜಮಾನರು ಬಂದು ಒಯ್ದರು. ಯಾರೂ ಕೇಳಿಕೊಂಡು ಬಾರದ ಒಂದು ಸಣ್ಣ ಟಿವಿ ಮಾತ್ರ ಉಳಿದು ಮನೆಯ ಮೂಲೆ ಸೇರಿತು. ಅಂಗಡಿಯನ್ನು ಬಳೆ ವ್ಯಾಪಾರದವರೊಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದಾಯಿತು. ಅದಾದ ಸ್ವಲ್ಪ ದಿನಕ್ಕೇ ಕ್ಯಾಮರಾದ ಚಿತ್ರ ಹೋಯಿತು. ಬೆಲ್ಲು ಆಗುತ್ತಿತ್ತು, ಟಿವಿ ಹತ್ತುತ್ತಿತ್ತು, ಆದರೆ ಪರದೆಯ ಮೇಲೆ ಬರಿಯ ಕಪ್ಪು. ಚಿಕ್ಕಮ್ಮ ಪಕ್ಕದ ಮನೆಯಿಂದ ಫೋನ್ ಮಾಡಿಸಿ ನನ್ನನ್ನು ಕರೆಸಿಕೊಂಡಳು.

ಭಾನುವಾರ ಬೆಳಗಿನ ಬಸ್ಸಿಗೆ ಹೋದೆ. ಏಣಿ ಹತ್ತಿ ಅಟ್ಟದ ಡಬ್ಬಿ ತೆರೆದರೆ ಒಳಗೆ ಕೈ ಹಾಕಲು ಜಾಗವಿಲ್ಲ. ಚಿಕ್ಕಪ್ಪ ಸಿಕ್ಕಿದ ವೈರುಗಳನ್ನೆಲ್ಲ ಬಳಸಿದ್ದರು: ರೇಡಿಯೊ ಒಳಗಿನದು, ಟಿವಿ ಆಂಟೆನಾದ್ದು, ಮದುವೆ ಚಪ್ಪರದ ಲೈಟಿನ ಸರದ್ದು. ಎಲ್ಲಿ ಏನು ಎಂದು ಒಂದು ಚೀಟಿಯನ್ನೂ ಅಂಟಿಸಿರಲಿಲ್ಲ. ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವ ಸರ್ಕಿಟ್ಟಿಗೂ ಇದಕ್ಕೂ ಯಾವ ನೆಂಟಸ್ತನವೂ ಕಾಣಲಿಲ್ಲ. ಸಂಜೆಯವರೆಗೂ ಅಲ್ಲಿ ಮುಟ್ಟಿ ಇಲ್ಲಿ ಮುಟ್ಟಿ, ಕೊನೆಗೆ ಡಬ್ಬಿಯ ಒಳಗು ಹೇಗಿದೆಯೆಂದು ಒಂದು ಹಾಳೆಯ ಮೇಲೆ ಬರೆದುಕೊಂಡು ವಾಪಸು ಬಂದೆ.

ಶಿಕಾರಿಪುರದಲ್ಲಿ ನನಗೆ ಪರಿಚಯದ ಟಿವಿ ರಿಪೇರಿಯವರು ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ನಕ್ಕು, "ಮೇಡಂ, ಇದನ್ನ ಕಟ್ಟಿದೋರು ಭಾಳ ತಲಿ ಇರೋರು ರೀ. ಆದ್ರ ಅದು ಅವರ ತಲಿಯಾಗೇ ಉಳಕೊಂಡೈತಿ. ನಾ ಕೈ ಹಾಕಿದ್ರ ಇದ್ದದ್ದೂ ಕೆಡ್ತೈತಿ" ಎಂದರು.

ಮುಂದಿನ ಭಾನುವಾರ ಮತ್ತೆ ಸೊರಬಕ್ಕೆ ಹೋದೆ. ಆಗಲ್ಲ ಎಂದು ಹೇಳಿಬಿಡುವುದು, ಬಾಗಿಲಿಗೆ ಒಂದು ಜಾಲರಿ ಹಾಕಿಸುವುದು ಎಂದುಕೊಂಡಿದ್ದೆ. ಚಿಕ್ಕಮ್ಮ ಒಪ್ಪಲಿಲ್ಲ. "ಇನ್ನೊಂದು ಸಲ ಹತ್ತು. ನಿಂಗೆ ಕಂಡಿದ್ದನ್ನ ನಂಗೆ ಹೇಳ್ತಾ ಹೋಗು" ಎಂದು ಏಣಿಯ ಬುಡದಲ್ಲಿ ಮಣೆ ಹಾಕಿಸಿಕೊಂಡು ಕೂತಳು. ಮೇನ್ ಸ್ವಿಚ್ ಆರಿಸಿ ಹತ್ತಿದೆ.

"ಒಂದಷ್ಟು ವೈರು ಇದಾವೆ. ಬಣ್ಣ ಎಲ್ಲ ಕಲಸುಮೇಲೋಗರ. ಒಂದೊಂದಕ್ಕೂ ಒಂದು ದಾರ ಸುತ್ತಿದಾರೆ."

"ಎಂಥ ದಾರ?"

"ಹೊಲಿಯೋ ದಾರ ಚಿಕ್ಕಮ್ಮ. ವೈರು ಜಾರದೆ ಇರಲಿ ಅಂತ ಸುತ್ತಿರಬೇಕು."

"ಬಣ್ಣ ಹೇಳೇ" ಎಂದಳು. ದನಿ ಬೇರೆಯಾಗಿತ್ತು.

ಕೆಂಪು, ಹಳದಿ, ಹಸಿರು ಎಂದು ಒಂದೊಂದೇ ಹೇಳಿದೆ. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. "ಕೆಂಪು ಮೊದಲು ತಗಂಡಿದ್ದು. ಕ್ಯಾಮರಾ ಗೋಡೆಗೆ ಹೊಡೆದ ದಿನ. ಅದಕ್ಕೆ ಕರೆಂಟು ಹೋಗೋದು ಅದೇ ಇರಬೇಕು. ಹಳದಿ ಬೆಲ್ಲಿಂದು, ಅವತ್ತು ನಾನು ಹಳದಿ ರವಿಕೆ ಹೊಲೀತಿದ್ದೆ, ಒಂದು ಮೊಳ ಕೊಡು ಅಂತ ಕೈ ಚಾಚಿದ್ರು, ಬೈದೇ ಕೊಟ್ಟಿದ್ದೆ. ಹಸಿರು ಟಿವಿ ತಂದ ದಿನ."

ನಾನು ಒಂದೊಂದನ್ನೇ ಹಿಡಿದು ಅದು ಹೋಗುವ ದಾರಿ ನೋಡಿದೆ. ಕೆಂಪು ದಾರದ್ದು ಕ್ಯಾಮರಾಕ್ಕೆ, ಹಳದಿಯದು ಗುಂಡಿಗೆ, ಹಸಿರಿನದು ತೊಲೆ ಹಿಡಿದು ಟಿವಿಗೆ. ಒಂದೂ ತಪ್ಪಿರಲಿಲ್ಲ. ಒಂದು ಭಾನುವಾರವಿಡೀ ನನ್ನನ್ನು ಗೋಳು ಹುಯ್ದುಕೊಂಡಿದ್ದ ಆ ಡಬ್ಬಿ, ಚಿಕ್ಕಮ್ಮನ ಮಾತು ಕೇಳುತ್ತಾ ಕೇಳುತ್ತಾ ಸರಳವಾಯಿತು. ಅಷ್ಟು ಅಚ್ಚುಕಟ್ಟಾಗಿತ್ತು ಚಿಕ್ಕಪ್ಪನ ಕೆಲಸ. ಹೊರಗಿನ ಗೊಂದಲ ನೋಡಿ ನಾನು ಅದನ್ನು ಕಂಡಿರಲಿಲ್ಲ, ಅಷ್ಟೇ.

"ಇನ್ನೊಂದು ಇದೆ ಚಿಕ್ಕಮ್ಮ. ಕರಿ ದಾರದ್ದು."

"ಕರಿ ದಾರ ನಾನು ಕೊಟ್ಟೇ ಇಲ್ಲ."

"ಹಸಿರಿನ ಜೊತೆಗೇ ಸೇರಿಸಿ ಕಟ್ಟಿದಾರೆ. ಗೋಡೆ ಒಳಗೆ ಹೋಗ್ತದೆ."

"ಯಾವ ಗೋಡೆ?"

"ಅಂಗಡಿ ಗೋಡೆ."

ಅವಳು ಕಣ್ಣು ತೆರೆದಳು. ನಾನು ಕರಿ ದಾರದ ವೈರನ್ನು ಬಿಚ್ಚಿ ಬೇರೆ ಮಾಡಿ, ಇಳಿದು ಬಂದು ಮೇನ್ ಹಾಕಿದೆ. ಟಿವಿ ಸ್ವಲ್ಪ ಹೊತ್ತು ಮಿಟುಕಿತು. ಆಮೇಲೆ ನಮ್ಮ ಓಣಿ ಬಂತು. ಕಲ್ಲು ಹಾಸಿದ ಮೆಟ್ಟಿಲು, ಎದುರು ಮನೆಯ ಜಗುಲಿ, ಅದರ ಮೇಲೆ ಒಣಗಲು ಹಾಕಿದ್ದ ಹಪ್ಪಳ. ನಾನು ಕಿರುಚಿಯೇಬಿಟ್ಟೆ.

ಬಳೆ ಅಂಗಡಿಯವರನ್ನು ಕೇಳಿ ಆ ಕಡೆಯಿಂದ ಗೋಡೆ ನೋಡಿದಾಗ ಕಾರಣ ಸಿಕ್ಕಿತು. ಬಳೆಯ ಗೂಡು ಕೂರಿಸಲು ಹೊಡೆದ ಮೊಳೆಯೊಂದು ಸರಿಯಾಗಿ ವೈರಿನೊಳಗೆ ಇಳಿದಿತ್ತು. ಅಲ್ಲಿ ಎರಡು ತಂತಿ ಒಂದಕ್ಕೊಂದು ತಾಗಿ, ಇಲ್ಲಿ ಚಿತ್ರ ಹೋಗಿತ್ತು. ವೈರಿನ ತುದಿ ಚಿಕ್ಕಪ್ಪ ಕೂರುತ್ತಿದ್ದ ಜಾಗದ ಎದುರಿಗೇ ಗೋಡೆಯಿಂದ ಹೊರಗೆ ಬಂದಿತ್ತು. ಯಾರದೂ ಅಲ್ಲದ ಆ ಸಣ್ಣ ಟಿವಿ ಯಾರದೆಂದು ಆಗ ನನಗೆ ತಿಳಿಯಿತು.

ಒಳಗೆ ಬಂದು ಹೇಳಿದೆ. ಹೇಳಬಾರದಿತ್ತೇನೋ ಎಂದೂ ಅನ್ನಿಸಿತು, ಯಾಕೆಂದರೆ ಚಿಕ್ಕಮ್ಮನ ಮುಖ ಬಿಗಿಯಿತು.

"ಹಂಗಾದ್ರೆ ಅವರೂ ನೋಡ್ತಾ ಇದ್ರಾ? ದಿನಾ? ನಾನೊಬ್ಳೇ ಬಾಗಿಲು ಕಾಯ್ತೀನಿ ಅಂದ್ಕಂಡಿದ್ನಲ್ಲೇ."

ಮಷಿನ್ನಿನ ಮುಂದೆ ಹೋಗಿ ಕೂತು ಒಂದು ತೋಳಿನ ಹೊಲಿಗೆ ಪೂರ್ತಿ ಹಾಕಿದಳು. ನಾನು ಟೀ ಮಾಡಿ ತಂದಿಟ್ಟೆ. ಲೋಟ ನೋಡಿದವಳೇ ಕೈ ನಿಲ್ಲಿಸಿದಳು.

"ಒಂದಿನ ಒಬ್ಬ ಕುಡಿದು ಬಂದು ಬಾಗಿಲು ಬಡೀತಿದ್ದ. ನಾನು ಒಳಗಿಂದ್ಲೇ ಗದರಿಸಿ ಓಡಿಸಿದೆ. ಅವನು ಆ ಕಡೆ ಹೋಗಿದ್ದೇ ತಡ ಇವರು ಬಂದ್ರು. ಟೀ ಐತಾ ಅಂದ್ರು. ಇನ್ನೊಂದಿನ ಪಾತ್ರೆ ಮಾರೋ ಇಬ್ರು ಎಷ್ಟು ಹೇಳಿದ್ರೂ ಹೋಗ್ಲಿಲ್ಲ, ಆಮೇಲೆ ಹೋದ್ರು. ಅವತ್ತೂ ಟೀ. ಈ ಮನುಷ್ಯನಿಗೆ ಹೊತ್ತಲ್ಲದ ಹೊತ್ತಲ್ಲಿ ಎಂಥ ಟೀ ಹುಚ್ಚು ಅಂತ ನಾನು ಬೈತಿದ್ದೆ."

"ಮುಂಚೆ ಬರ್ತಿರಲಿಲ್ವಾ? ಆ ಜನ ಬಾಗಿಲಲ್ಲಿ ಇದ್ದಾಗ್ಲೇ?"

ಚಿಕ್ಕಮ್ಮ ಯೋಚಿಸಿದಳು. "ಇಲ್ಲ. ಯಾವತ್ತೂ ಇಲ್ಲ. ಆ ಜನ ಹೋದ ಮೇಲೇನೇ." ಅಂಗಡಿ ಕಡೆಯ ಗೋಡೆ ನೋಡಿ, "ಅಲ್ಲೀತನಕ ಇವರು ಮೂಲೆ ಹತ್ರ ನಿಂತಿರ್ತಿದ್ರೋ ಏನೋ" ಎಂದಳು. ಆಮೇಲೆ ಟೀ ಕುಡಿದಳು.

ಚಿಕ್ಕಪ್ಪನನ್ನು ಒಳ್ಳೆಯ ಕೆಲಸಗಾರನೆಂದು ಮೊದಲಿನಿಂದ ಬಲ್ಲೆ. ಅವರು ಎಷ್ಟು ಸೂಕ್ಷ್ಮದ ಮನುಷ್ಯ ಎಂಬುದು ನನಗೆ ಅರಿವಾದದ್ದು ಅವತ್ತು. ಹೆಂಡತಿಯನ್ನು ಕಾಯುವುದು ಅವರಿಗೆ ಸುಲಭವಿತ್ತು. ಅವಳೇ ಕಾಯುತ್ತಾಳೆ ಎಂಬುದನ್ನು ಕೆಡಿಸದೆ, ಹಿಂದೆ ನಿಲ್ಲುವುದು ಸುಲಭವಿರಲಿಲ್ಲ. ಇನ್ನು ಚಿಕ್ಕಮ್ಮ, ಅದನ್ನು ಕೇಳಿ ಕರಗಿ ಕೂರುವ ಪೈಕಿಯಲ್ಲ. ಮರುದಿನ ನಾನು ಬಸ್ಸಿಗೆ ಹೊರಡುವ ಮೊದಲೇ ಹೇಳಿದಳು: "ಆ ಇನ್ನೊಂದು ಟಿವಿ ಸುಮ್ನೆ ಯಾಕೆ ಬಿದ್ದಿರ್ಬೇಕು? ವೈರು ಗೋಡೆಯಿಂದ ಎಳೆದು ಅಡಿಗೆಮನೆಗೆ ಹಾಕು. ಒಗ್ಗರಣೆ ಹಾಕೋವಾಗ್ಲೂ ಬಾಗಿಲು ಕಾಣ್ತದೆ." ಅಲ್ಲಿಗೂ ಒಂದು ಹಗ್ಗ ಬೇಕೆಂದಳು. ಅದಕ್ಕೆ ಇನ್ನೊಂದು ಭಾನುವಾರ ಬೇಕಾಯಿತು.

ಈ ಸುದ್ದಿ ನನ್ನ ಶಾಲೆಯಲ್ಲೂ ಹರಡಿತು. ಸಹೋದ್ಯೋಗಿಯೊಬ್ಬರ ಅತ್ತೆ ಸೊಂಟ ಮುರಿದುಕೊಂಡು ಮನೆಯೊಳಗೇ ಇದ್ದರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ತಮಗೂ ಅಂಥದ್ದೊಂದು ಮಾಡಿಕೊಡಲು ಆಗುತ್ತದೆಯೇ ಎಂದು ಅವರು ಕೇಳಿದರು. ಕ್ಯಾಮರಾ ಬೇಡವಂತೆ, ಬೆಲ್ಲು ಮತ್ತು ಹಗ್ಗ ಸಾಕು. ನಾನು ಚಿಕ್ಕಮ್ಮನನ್ನು ಕೇಳಿದೆ. ಎಷ್ಟೋ ವರ್ಷದಿಂದ ಸೊರಬ ಬಿಟ್ಟು ಕದಲದಿದ್ದವಳು, "ನಾನೂ ಬತ್ತೀನಿ" ಎಂದು ಹೊರಟೇ ನಿಂತಳು.

ಬಸ್ಸಿನಲ್ಲಿ ಕಂಡಕ್ಟರು ಮುಂದಿನ ಸೀಟು ಬಿಡಿಸಿಕೊಟ್ಟರು. ಶಿಕಾರಿಪುರದ ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಗಾಲಿ ಎಲ್ಲಿ, ಹಗ್ಗದ ಎತ್ತರ ಎಷ್ಟು ಎಂದು ಚಿಕ್ಕಮ್ಮನೇ ಹೇಳಿದಳು. ನಾನೂ ಒಬ್ಬ ಬಡಗಿಯೂ ಅವಳು ಹೇಳಿದಂತೆ ಮಾಡಿದೆವು. ಕೆಲಸ ಮುಗಿದ ಮೇಲೆ ಆ ಅಜ್ಜಿಯ ಮಂಚದ ಪಕ್ಕ ಕೂತು, "ಮೊದ್ಲು ಮೊದ್ಲು ಎಲ್ರಿಗೂ ಎಳೆದುಬಿಡ್ತೀರಿ. ಆಮೇಲೆ ಯಾರಿಗೆ ಎಳೀಬಾರ್ದು ಅನ್ನೋದು ತಾನೇ ಬರ್ತದೆ ಬಿಡ್ರಿ" ಎಂದು ಧೈರ್ಯ ಹೇಳಿದಳು.

ವಾಪಸು ಬರುವಾಗ ಶಿರಾಳಕೊಪ್ಪ ಹತ್ತಿರವಾಗುತ್ತಿದ್ದಂತೆ ಕೇಳಿದಳು: "ಬಳ್ಳಿಗಾವಿ ಇಲ್ಲೇ ಅಲ್ವೇನೇ? ನಾನು ನೋಡೇ ಇಲ್ಲ."

ಇಳಿದು ಆಟೋ ಹಿಡಿದು ಹೋದೆವು. ಅಲ್ಲಿನ ಹಳೆಯ ದೇವಸ್ಥಾನದ ತಣ್ಣನೆಯ ಕಲ್ಲಿನ ಮೇಲೆ ಕೋಲು ಒರಗಿಸಿ ಕೂತು, ಕಂಬಗಳನ್ನೂ ಗೋಡೆಯ ಮೇಲಿನ ಹೆಣ್ಣು ಮೂರ್ತಿಗಳನ್ನೂ ಅವಳು ಬಹಳ ಹೊತ್ತು ನೋಡಿದಳು. ಕೊರಳಿನ ಸರ, ಸೊಂಟದ ಪಟ್ಟಿ, ಕೈಬಳೆ, ಒಂದನ್ನೂ ಬಿಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಪಕ್ಕದಲ್ಲಿ ಭಕ್ತಿಯಿಂದ ಕೈಮುಗಿದು ನಿಂತಿದ್ದವರಿಗೂ ಕೇಳುವಂತೆ, "ಇಷ್ಟೆಲ್ಲ ಕೆತ್ತಿದಾನೆ, ಒಬ್ಬಳಿಗಾದ್ರೂ ರವಿಕೆ ಹಾಕ್ಬಾರ್ದಿತ್ತಾ ಮಾರಾಯ" ಎಂದಳು. ನಗು ತಡೆಯಲಾರದೆ ನಾನು ಹೊರಗೆ ಬಂದು ನಿಂತೆ. ಅವಳು ತನಗೆ ಬೇಕಾದಷ್ಟು ಹೊತ್ತು ಒಳಗೆ ಕೂತಿದ್ದು, ಕತ್ತಲಾಗುವ ಮೊದಲು ಬಂದಳು.