ಗುಡಿಯಿಲ್ಲದ ದ್ವೀಪ

ಮಗಳು ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಪ್ರದರ್ಶನಕ್ಕೆ ಉತ್ತರ ಧ್ರುವದ ಕಡೆಯ, ಜನರೇ ಇಲ್ಲದ ದ್ವೀಪಗಳ ಮಾದರಿ ಮಾಡಬೇಕಿತ್ತು. ಕಾರವಾರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಥರ್ಮಾಕೋಲಿನ ಮೂರು ದ್ವೀಪ ಎದ್ದವು. ಮಣ್ಣಿನ ವಾಲ್ರಸ್‌ಗಳಿಗೆ ಪೊರಕೆಕಡ್ಡಿಯ ಕೋರೆಹಲ್ಲು ನಾನೇ ಚುಚ್ಚಿದೆ.

ಪ್ರದರ್ಶನದ ಬೆಳಿಗ್ಗೆ ನೋಡಿದರೆ ದೊಡ್ಡ ದ್ವೀಪದ ನೆತ್ತಿಯಲ್ಲಿ ಬೆಂಕಿಪೊಟ್ಟಣದ ಗುಡಿ, ಮೇಲೊಂದು ಕೆಂಪು ಬಾವುಟ. ದೇವಿಯ ಗುಡಿಗೆ ಹೆಸರಾದ ಹಣಕೋಣದಲ್ಲಿ ಹುಟ್ಟಿ ಬೆಳೆದ ಅತ್ತೆಯ ಕೆಲಸ.

"ಟೀಚರ್ ತಪ್ಪು ಅಂತಾರೆ ಆಯಿ," ಎಂದು ಮಗಳು ನನ್ನ ಕಡೆ ತಿರುಗಿ ಕಣ್ಣು ತುಂಬಿಕೊಂಡಳು.

"ದೇವರಿಲ್ಲದ ದ್ವೀಪ ಎಲ್ಲಾದ್ರೂ ಉಂಟೇನೆ? ನಮ್ಮ ಕಡಲಿನ ದ್ವೀಪದಲ್ಲಿ ಗುಡಿ ಇಲ್ವಾ? ದೋಣಿಯವರು ಕಾಯಿ ಯಾರಿಗೆ ಒಡೀಬೇಕು?" ಎಂದರು ಅತ್ತೆ.

"ಅಲ್ಲಿ ದೋಣಿಯವರೇ ಇಲ್ಲ ಅತ್ತೆ. ಹಕ್ಕಿ, ವಾಲ್ರಸ್, ಹಿಮಕರಡಿ ಅಷ್ಟೇ."

"ಹಾಗಂತ ಕಟ್ಟಿದ ಗುಡಿ ಕೀಳ್ತೀಯಾ?"

ನಾನು ಅವರಿಗೆ ಎದುರಾಡಿದವಳಲ್ಲ. ಅಂದು ಮಾತ್ರ "ಹೌದು" ಎಂದು, ಗುಡಿಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಬಿಡಿಸಿ ದೇವರ ಕೋಣೆಯಲ್ಲಿಟ್ಟು ಬಂದೆ. ಅಂಟು ಕಿತ್ತಲ್ಲಿ ಕುಳಿ ಬಿದ್ದಿತ್ತು. ಅತ್ತೆ ಅದನ್ನೇ ನೋಡುತ್ತ ನಿಂತಿದ್ದರು.

"ಅಲ್ಲಿಯ ಒಂದು ಹಕ್ಕಿ ಇಂಥ ಕಲ್ಲುಸಂದಿಯಲ್ಲೇ ಮೊಟ್ಟೆ ಇಡ್ತದೆ ಅತ್ತೆ," ಎಂದೆ.

ಅವರು ಅಡುಗೆಮನೆಗೆ ಹೋಗಿ ಒಂದು ಹಿಡಿ ಸಾಬಕ್ಕಿ ತಂದರು.

"ಇಷ್ಟಲ್ಲ ಅಜ್ಜಿ, ಆ ಹಕ್ಕಿ ಒಂದೇ ಮೊಟ್ಟೆ ಇಡೋದು," ಎಂದಳು ಮಗಳು.

"ಒಂದೇಯಾ? ಪಾಪ." ಅತ್ತೆ ಇದ್ದುದರಲ್ಲಿ ದುಂಡನೆಯ ಕಾಳು ಆರಿಸಿ ಕುಳಿಯಲ್ಲಿಟ್ಟರು.