ನ್ಯೂಜಿಲೆಂಡಿಗೆ ಯಲಬುರ್ಗಾ ಮಾರ್ಗವಾಗಿ

ಕುಷ್ಟಗಿಯಿಂದ ಬೆಳಗಿನ ಬಸ್ಸಿಗೆ ಹೊರಟೆವು. ಹೋಗಬೇಕಾಗಿದ್ದದ್ದು ನ್ಯೂಜಿಲೆಂಡಿಗೆ, ಬಸ್ಸಿನ ಬೋರ್ಡಿನ ಮೇಲೆ ಯಲಬುರ್ಗಾ ಎಂದಿತ್ತು. ವಿಮಾನ ಹತ್ತುವವರು ನನ್ನ ಅತ್ತೆ ಮತ್ತು ಮಾವ. ನಾನು ಅಗ್ಗದ ಟಿಕೆಟ್ ಹುಡುಕಿ ಕೊಡಲು ಹೊರಟ ಸೋದರಳಿಯ. ಹಗಲು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಸಂಜೆ ಮದುವೆ ಮನೆಗಳಲ್ಲಿ ಊರ ಮಂದಿಯ ಧ್ವನಿ ತೆಗೆದು ನಗಿಸುತ್ತೇನೆ. ನನ್ನ ಸ್ವಂತ ಧ್ವನಿಗೆ ಮಾತ್ರ ಯಾರೂ ಅರ್ಧ ಕಿಲೋ ಉಳ್ಳಾಗಡ್ಡಿಯನ್ನೂ ಉದ್ರಿ ಕೊಟ್ಟಿಲ್ಲ.

ರತ್ನತ್ತೆ ನಮ್ಮಪ್ಪನ ಅಕ್ಕ, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಕೆಲಸಕ್ಕೆ ಸೇರಿದಾಗಿನಿಂದ ಆಕೆಯ ರಜೆಗಳೆಲ್ಲ ನೆಂಟರ ಮದುವೆ, ಕುಬಸ, ತೊಟ್ಟಿಲು, ದಿನಕರ್ಮಗಳಿಗೇ ಖರ್ಚಾಗಿದ್ದವು. ಅಲ್ಲಿಗೆ ಹೋದರೂ ಯಾರಾದರೊಬ್ಬರು ತೋಳು ಚಾಚಿ ಬಿಪಿ ನೋಡು ಎನ್ನುವವರೇ. ಈ ಸಲ ದಸರೆಗೆ ಎರಡು ವಾರದ ರಜೆ ಮಂಜೂರಾದಾಗ, "ನಮ್ಮ ಮಂದಿ ಒಬ್ಬರೂ ಇರಲಾರದ ಊರಿಗೆ ಹೋಗಬೇಕು" ಎಂದು ಹಟ ಹಿಡಿದಳು. ಅಮೆರಿಕ, ಲಂಡನ್, ದುಬೈ ಎಲ್ಲ ಕಡೆ ಯಾರದಾದರೂ ಮಗ ಇದ್ದ. ಹಾಗೆ ಒಂದೊಂದೇ ದೇಶ ಬಿದ್ದುಹೋಗಿ ಕೊನೆಗೆ ಉಳಿದದ್ದು ನ್ಯೂಜಿಲೆಂಡ್. ಅಲ್ಲಿ ಮಂದಿಗಿಂತ ಕುರಿ ಹೆಚ್ಚು ಎಂದು ನಾನು ಓದಿ ಹೇಳಿದೆ.

"ಕುರಿ ಛಲೋ" ಎಂದಳು ಅತ್ತೆ. "ಬಿಪಿ ನೋಡು ಅನ್ನೂದಿಲ್ಲ."

ಇಬ್ಬರಿಗೂ ವೀಸಾ ಬಂದಿತ್ತು. ಉಳಿದದ್ದು ಟಿಕೆಟ್ ಒಂದೇ, ಮತ್ತು ಸಂಗಪ್ಪ ಮಾವ. ಮಾವ ನಿವೃತ್ತ ಬಸ್ ಕಂಡಕ್ಟರು. ಮನೆಯ ಪಡಸಾಲೆಯಲ್ಲೂ ಎರಡು ಸಾಲು ಸೀಟುಗಳ ನಡುವೆ ಹೋದಂತೆ ಓರೆಯಾಗಿಯೇ ನಡೆಯುತ್ತಾರೆ. ಎದುರಿಗೆ ಬಂದ ಪ್ರತಿ ಮನುಷ್ಯನೂ ಅರ್ಧ ಟಿಕೆಟ್ಟಿಗಾಗಿ ವಯಸ್ಸು ಮುಚ್ಚಿಡುತ್ತಿದ್ದಾನೆ ಎಂಬ ನೋಟ ಅವರದು. ಅಂಥವರಿಗೆ ವಿಮಾನದ ದರ ಅರ್ಥವಾಗುವುದಾದರೂ ಹೇಗೆ? ಹಿಂದಿನ ವಾರವಿಡೀ ನಾನು ಫೋನಿನಲ್ಲಿ ದರ ನೋಡಿದಾಗಲೆಲ್ಲ ಅದು ಬದಲಾಗುತ್ತಿತ್ತು. ಒಂದೇ ಕಡೆ ಇಳಿಸುವ ವಿಮಾನಕ್ಕಿಂತ ಎರಡು ಕಡೆ ಇಳಿಸಿ ಹತ್ತಿಸುವ ವಿಮಾನ ಅಗ್ಗ ಎಂದಾಗಂತೂ ಮಾವ ಊಟ ಬಿಟ್ಟೆದ್ದಿದ್ದರು.

"ದೂರ ಸುತ್ತಿಸಿದ್ರ ಕಡಿಮಿ? ಎಣ್ಣಿ ಯಾರಪ್ಪನ ಮನಿದಲೇ? ನೋಡು ಮಂಜ್ಯಾ, ಈ ಫೋನು ನಮ್ಮ ಮಾರಿ ನೋಡೇತಿ. ಇವರಿಗೆ ಗರಜು ಐತಿ ಅಂತ ಗೊತ್ತಾಗೇತಿ ಅದಕ್ಕ." ಅಂದಿನಿಂದ ನನ್ನ ಫೋನನ್ನು ಮಾತಾಡುವಾಗಲೆಲ್ಲ ಮಗುಚಿ ಇಡಿಸುತ್ತಿದ್ದರು.

ಹೀಗಾಗಿ ಮುಖ ನೋಡಿ ವ್ಯವಹಾರ ಮಾಡುವ ಅಂಗಡಿಗಳನ್ನು ಹುಡುಕಿ ಹೊರಟಿದ್ದೆವು. ಬಸ್ಸು ಊರು ದಾಟುತ್ತಲೇ ಮಾವ ಷರತ್ತು ಹಾಕಿದರು.

"ಯಲಬುರ್ಗಾ, ಕೊಪ್ಪಳ, ಗಂಗಾವತಿ. ಮೂರು ಅಂಗಡಿ. ಒಬ್ಬನರ ಹೇಳಿದ ರೇಟಿಗೆ ನಿಂತ್ರ ಇವತ್ತ ಟಿಕೆಟ್ ತಗಸೂದು. ಮೂರೂ ಮಂದಿ ಮಾತು ತಿರುಗಿಸಿದ್ರ ಮುಗೀತು, ನೀ ರಜಾ ವಾಪಸ್ ಕೊಟ್ಟುಬಿಡು."

ಅತ್ತೆ ಕಿಟಕಿಯಾಚೆಯ ಸಜ್ಜೆ ಹೊಲಗಳನ್ನೇ ನೋಡುತ್ತ, "ಆತು" ಎಂದಳು. ಪಾಸ್‌ಪೋರ್ಟುಗಳಿದ್ದ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು.

ಯಲಬುರ್ಗಾದಲ್ಲಿ ಇಳಿದಾಗ ಮೋಡ ಕವಿದು ಗಾಳಿ ಬೀಸುತ್ತಿತ್ತು. ಅತ್ತೆಯನ್ನು ನಿಲ್ದಾಣದಲ್ಲಿ ಕೂರಿಸಿ, ಮಾವ ನನ್ನನ್ನು ಚಹಾದಂಗಡಿಯ ಹಿಂದಕ್ಕೆ ಎಳೆದೊಯ್ದರು. ಅವರ ಯೋಜನೆ ಹೊರಬಿದ್ದದ್ದು ಅಲ್ಲಿಯೇ. ಕಂಡಕ್ಟರುಗಳನ್ನು ಹಿಡಿಯಲು ಚೆಕಿಂಗ್‌ನವರು ನಡುದಾರಿಯಲ್ಲಿ ಹತ್ತುತ್ತಾರಲ್ಲ, ಹಾಗೆ. ಮೊದಲು ನಾನು ಬೇರೆ ಯಾರದೋ ಧ್ವನಿಯಲ್ಲಿ ಫೋನ್ ಮಾಡಿ ದರ ಕೇಳಬೇಕು. ಹತ್ತು ನಿಮಿಷ ಬಿಟ್ಟು ನಾವೇ ಹೋಗಿ ಕೇಳಬೇಕು. ಎರಡೂ ಒಂದೇ ಆದರೆ ಅಂಗಡಿಯವ ಸಾಚಾ.

ನಾನು ಗೌಡನಾದೆ. ಗಂಟಲು ಕೆಮ್ಮಿ, ಎರಡು ಮಾತಿನ ನಡುವೆ ಒಂದು ಎಲೆ ಅಡಿಕೆಯಷ್ಟು ಬಿಡುವು ಕೊಟ್ಟು, "ಹಾಂ... ತಮ್ಮಾ... ನಾವು ಗೌಡ್ರು. ನ್ಯೂಜಿಲೆಂಡಿಗೆ ಎರಡು ಸೀಟು... ಹೆಂಗ?" ಎಂದೆ.

"ಬೆಂಗಳೂರಿಂದ ಹೋಗಿ ಬರಾಕ ಒಬ್ಬರಿಗೆ ತೊಂಬತ್ತೆರಡು ಸಾವಿರರಿ ಗೌಡ್ರ. ಹಿಡಿದಿಡಲೇನ್ರಿ? ಸಂಜಿತನ ರೊಕ್ಕ ಕೊಡೂದು ಬ್ಯಾಡ. ಹೆಸರು, ನಂಬರು ಹೇಳಿದ್ರ ಸಾಕ್ರಿ."

ಗೌಡ ಎಲ್ಲಾದರೂ ಬೇಡ ಎನ್ನುತ್ತಾನೆಯೇ? ಹಾಗೆಂದರೆ ರೊಕ್ಕವಿಲ್ಲದವನಂತೆ ಕಾಣುವುದಿಲ್ಲವೇ? "ಹಿಡಿ" ಎಂದು ಗಂಭೀರವಾಗಿ ಹೇಳಿ, ಬಾಯಿಗೆ ಬಂದ ಎರಡು ಹೆಸರು ಹೇಳಿ, ನಂಬರು ಇದೇ ಎಂದೆ.

ಹತ್ತು ನಿಮಿಷದ ನಂತರ ಹೋದೆವು. ಝರಾಕ್ಸ್ ಅಂಗಡಿಯ ಮೂಲೆಯಲ್ಲಿ ಒಂದು ಕಂಪ್ಯೂಟರು, ಗೋಡೆಗೆ ವಿಮಾನದ ಚಿತ್ರ. ಮಾಲೀಕ ಕೀಲಿಮಣೆ ಕುಟ್ಟಿ, ಹುಬ್ಬು ಗಂಟಿಕ್ಕಿ, "ತೊಂಬತ್ತೆಂಟು ಸಾವಿರ ಐತ್ರಿ" ಎಂದ.

ಮಾವನ ಮುಖದಲ್ಲಿ ಮೂಡಿದ ಸಂತೋಷವನ್ನು ನೀವು ನೋಡಬೇಕಿತ್ತು. ಆರು ಸಾವಿರ ಹೆಚ್ಚಾದದ್ದಕ್ಕೆ ಯಾರಾದರೂ ಅಷ್ಟು ಹಿಗ್ಗುತ್ತಾರೆಯೇ? ಹೊರಗೆ ಬಂದು, "ಕಂಡ್ಯಾ? ಗೌಡ್ರಿಗೊಂದು, ಕಂಡಕ್ಟರಿಗೊಂದು" ಎಂದರು. ಆ ಮಾಲೀಕ ಕಂಪ್ಯೂಟರಿನ ಪರದೆಯನ್ನು ತನ್ನ ಕಡೆಗೇ ತಿರುಗಿಸಿಕೊಂಡು ಕೂತಿದ್ದದ್ದು ನನಗೂ ಸರಿ ಬಂದಿರಲಿಲ್ಲ.

ಕೊಪ್ಪಳಕ್ಕೆ ಸುಮಾರು ಒಂದೂಕಾಲು ತಾಸಿನ ದಾರಿ. ದಾರಿಯುದ್ದಕ್ಕೂ ಜಿಟಿಜಿಟಿ ಮಳೆ. ಊರು ತಲುಪಿದಾಗ ಕೋಟೆಯ ಗುಡ್ಡ ತೊಯ್ದ ಎಮ್ಮೆಯಂತೆ ಕಪ್ಪಗೆ ಮಲಗಿತ್ತು. ನಿಲ್ದಾಣದ ಎದುರು ಮಂಡಕ್ಕಿ ವಗ್ಗರಣಿ, ಮಿರ್ಚಿ ತಿಂದೆವು. ಅತ್ತೆಯನ್ನು ಅಲ್ಲಿಯೇ ಬಿಟ್ಟು ಈ ಸಲ ಗೋಡೆಯ ಮರೆಗೆ ಹೋದೆವು. ನಾನು ಕಾಲೇಜಿನ ಲೆಕ್ಚರರ್ ಆದೆ.

"ನಮಸ್ಕಾರ. ದಯವಿಟ್ಟು ನ್ಯೂಜಿಲೆಂಡಿಗೆ ಎರಡು ಆಸನಗಳ ದರವನ್ನು ತಿಳಿಸುವಿರಾ?"

"ತೊಂಬತ್ತೆಂಟು ಸಾವಿರರಿ ಸರ. ಇನ್ನ ಎರಡ ಅದಾವ. ಹಿಡೀಲ್ರಿ?"

ಅಷ್ಟು ಶುದ್ಧವಾಗಿ ಮಾತಾಡಿದ ಮೇಲೆ ಸುಮ್ಮನೆ ಫೋನ್ ಇಡಲು ನನಗೆ ನಾಚಿಕೆಯಾಯಿತು. "ಅವಶ್ಯವಾಗಿ ಕಾಯ್ದಿರಿಸಿ" ಎಂದೆ.

ಅಂಗಡಿಗೆ ಹೋದರೆ ಒಂದು ಲಕ್ಷ ಆರು ಸಾವಿರ! ಅಂಗಡಿಯವನು ಪಾಪ, ಚಹಾ ತರಿಸಲು ಹೊರಟ. ಮಾವ ಅವನ ಕೈ ಹಿಡಿದು ನಿಲ್ಲಿಸಿದರು. "ಬ್ಯಾಡ್ರಿ. ಚಾದ ರೊಕ್ಕಾನೂ ಅದರಾಗ ಹಚ್ಚೀರಿ ನೀವು."

ಮರಳಿ ಬಂದಾಗ ಅತ್ತೆ ನಮ್ಮ ಮುಖ ನೋಡಿದಳು. ಮಾವ ತಲೆಯಾಡಿಸಿ ಎರಡು ಬೆರಳು ತೋರಿಸಿದರು. ಎರಡು ಅಂಗಡಿ ಮುಗಿದಿದ್ದವು. ಅತ್ತೆ ತಟ್ಟೆಯಲ್ಲಿದ್ದ ಅರ್ಧ ಮಿರ್ಚಿಯನ್ನು ಹಾಗೆಯೇ ಸರಿಸಿಬಿಟ್ಟಳು. ಮಾವ ಗಂಗಾವತಿ ಬಸ್ಸು ಕೇಳಲು ಹೋದಾಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಮಂಜ್ಯಾ, ಖರೇ ಹೇಳು. ಇವರಿಗೆ ಹೋಗೂದ ಬ್ಯಾಡಾಗೇತೇನು?"

"ಇಲ್ಲತ್ತಿ, ಅಂಗಡ್ಯಾರ ಮೋಸ ಮಾಡಾಕತ್ತಾರ" ಎಂದೆ.

"ಎಲ್ಲಾರೂ? ಒಂದ ದಿನ?"

ಅಲ್ಲಿಂದ ಮುಂದೆ ನನಗೆ ಮಾವನ ಮೇಲೂ ಸಂಶಯ ಹತ್ತಿತು. ಈ ಚೆಕಿಂಗ್ ಮಾಡುತ್ತಿರುವುದು ಟಿಕೆಟ್ ತೆಗೆಯಲಿಕ್ಕೋ, ತಪ್ಪಿಸಲಿಕ್ಕೋ? ಬಸ್ಸಿನಲ್ಲಿ ಮಾವ ಹಾಯಾಗಿ ನಿದ್ದೆ ಹೋಗಿದ್ದರು. ಅತ್ತೆ ಒಂದು ಕ್ಷಣವೂ ಕಣ್ಣು ಮುಚ್ಚಲಿಲ್ಲ.

ಗಂಗಾವತಿ ಹತ್ತಿರವಾದಂತೆ ಕಾಲುವೆ ನೀರು, ನಾಟಿ ಮಾಡಿದ ಗದ್ದೆ, ಅಕ್ಕಿ ಮಿಲ್ಲುಗಳ ತೌಡಿನ ವಾಸನೆ. ಇಲ್ಲಿಯ ಅಂಗಡಿ ದೊಡ್ಡದು. ಸುತ್ತಲಿನ ಕಾಲುವೆ ಸೀಮೆಯ ಮನೆಗಳಿಂದ ಹೊರದೇಶಕ್ಕೆ ಹೋಗುವವರು ಬಹಳ. ಅತ್ತೆ ಈ ಸಲ ನಿಲ್ದಾಣದಲ್ಲಿ ಕೂರಲು ಒಪ್ಪಲಿಲ್ಲ. "ಕಡೀದು. ನಾನೂ ಕೇಳ್ತೀನಿ" ಎಂದು ಮುಂದೆ ನಡೆದಳು. ಫೋನ್ ಮಾಡಲು ನಮಗೆ ಸಂದು ಸಿಗಲಿಲ್ಲ.

ಕೌಂಟರಿನಲ್ಲಿದ್ದಾಕೆ ಸುಜಾತಾ, ಶ್ರೀರಾಮನಗರದವರು. ತೆಲುಗು ಬೆರೆತ ಕನ್ನಡ. ಕಂಪ್ಯೂಟರು ನೋಡಿ, "ಒಂದು ಲಕ್ಷ ಆರು ಸಾವಿರ ಅಂಡಿ" ಎಂದರು.

ಮಾವ ಕುಳಿತಿದ್ದವರು ಎದ್ದರು. "ಮುಗೀತು. ನಡೀರಿ. ಮೂರೂ ಊರಾಗ ಒಂದ ಆಟ."

ಸುಜಾತಾ ಅವರಿಗೆ ಸಿಟ್ಟು ಬಂತು. ಪರದೆಯನ್ನು ಮಾವನ ಕಡೆಗೇ ತಿರುಗಿಸಿಬಿಟ್ಟರು. "ನೋಡಿ ಸಾರ್, ನಿಮ್ಮ ಕಣ್ಣಿಂದಲೇ ನೋಡಿ. ಇದು ಮೆಟ್ಟಿಲು ಇದ್ದಂಗೆ. ಕಡಿಮೆ ರೇಟಿನ ಸೀಟು ಮುಗಿದ ಮೇಲೆ ಮುಂದಿನ ಮೆಟ್ಟಿಲು. ತೊಂಬತ್ತೆರಡರವು ಎರಡೇ ಉಳಿದಿದ್ವು, ಬೆಳಿಗ್ಗೆ ಯಲಬುರ್ಗಾದ ಯಾರೋ ಗೌಡರು ಹಿಡಿಸಿದ್ದಾರೆ. ತೊಂಬತ್ತೆಂಟರವು ಎರಡು, ಕೊಪ್ಪಳದ ಒಬ್ಬರು ಲೆಕ್ಚರರ್ ಹಿಡಿಸಿದ್ದಾರೆ. ಆ ಅಂಗಡಿಯವರೆಲ್ಲ ಟಿಕೆಟ್ ತೆಗೆಸೋದು ನನ್ನ ಹತ್ರಾನೇ."

ನಾನು ಮಾವನತ್ತ ನೋಡಿದೆ. ಮಾವ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಲಕ್ಷ್ಮಿಯನ್ನು ಭಕ್ತಿಯಿಂದ ನೋಡತೊಡಗಿದರು.

ಅತ್ತೆಗೆ ಆಸೆ ಚಿಗುರಿತು. "ಆ ಗೌಡ್ರಿಗೆ ಒಂದು ಮಾತು ಕೇಳವ್ವಾ. ಬಿಟ್ಟುಕೊಟ್ರೂ ಕೊಡಬಹುದು."

"ಕೇಳ್ತೀನಮ್ಮಾ" ಎಂದು ಸುಜಾತಾ ನಂಬರು ಒತ್ತಿದರು.

ನನ್ನ ಅಂಗಿಯ ಜೇಬಿನಲ್ಲಿ ಹುಂಜ ಕೂಗಿತು. ಆ ಕೂಗು ನಾನೇ ಕೂಗಿ ಧ್ವನಿಮುದ್ರಿಸಿಕೊಂಡದ್ದು, ಬಹಳ ದಿನದಿಂದ ಅದರ ಬಗ್ಗೆ ಹೆಮ್ಮೆಯಿತ್ತು. ಅಂದು ಅದು ನಿಲ್ಲುವಂತೆಯೇ ಕಾಣಲಿಲ್ಲ.

ಸುಜಾತಾ ಪರದೆ ನೋಡಿ, "ಅಯ್ಯೋ, ಲೆಕ್ಚರರ್‌ದೂ ಇದೇ ನಂಬರು!" ಎಂದರು.

ಅತ್ತೆ ನನ್ನನ್ನು ನೋಡಿದಳು, ಮಾವನ ಬೆನ್ನನ್ನು ನೋಡಿದಳು. ಆಮೇಲೆ ತಣ್ಣಗೆ ಹೇಳಿದಳು, "ಎತ್ತು. ಗೌಡ್ರು ಏನಂತಾರ ಕೇಳೂಣು."

ಎತ್ತಿದೆ. ಗಾಬರಿಯಲ್ಲಿ ಬೇಕಾದ ಧ್ವನಿ ಬರಲಿಲ್ಲ. "ಕ್ಷಮಿಸಿ, ನಾಲ್ಕೂ ಆಸನಗಳನ್ನು ಬಿಟ್ಟುಬಿಡಿ" ಎಂದು ಲೆಕ್ಚರರ್ ಹೇಳಿದ. ಎರಡು ಮೊಳ ದೂರದಲ್ಲಿ ಕೂತಿದ್ದ ಸುಜಾತಾ ಫೋನಿನಲ್ಲಿಯೇ "ಸರಿ ಸಾರ್" ಎಂದು, ಸೆರಗು ಬಾಯಿಗೆ ಒತ್ತಿಕೊಂಡರು.

ಸೀಟುಗಳನ್ನು ಬಿಟ್ಟು ಮತ್ತೆ ಹುಡುಕಿದರು. ತೊಂಬತ್ತೆರಡರ ಸೀಟು ಒಂದೇ ತೋರಿಸಿತು. ಅಷ್ಟರೊಳಗೆ ಯಾವ ಊರಿನಲ್ಲೋ ಯಾರೋ ಇನ್ನೊಂದನ್ನು ತೆಗೆದುಕೊಂಡಿದ್ದರು. ಎರಡನೆಯದಕ್ಕೆ ತೊಂಬತ್ತೆಂಟು.

ಮಾವ ಲಕ್ಷ್ಮಿಯಿಂದ ಇತ್ತ ತಿರುಗಿದರು. ತಪ್ಪು ಒಪ್ಪಿಕೊಳ್ಳುತ್ತಾರೆ ಎಂದುಕೊಂಡೆ. ಅವರೊಳಗಿನ ಕಂಡಕ್ಟರು ಎದ್ದು ನಿಂತಿದ್ದ. "ಒಂದ ಗಾಡಿ, ಒಂದ ಸಾಲು, ಬಾಜೂಬಾಜು ಕುಂತವರಿಗೆ ಎರಡು ರೇಟು? ನಾ ಕೊಡಾಂವಲ್ಲ. ನೌಕರಿ ಮಾಡೂವಾಗೂ ಹಂಗ ಟಿಕೆಟ್ ಹರದಿಲ್ಲ."

"ಬೆಳಿಗ್ಗೆ ಬಸ್ಸಿನ್ಯಾಗ ನನಗ ಪುಕ್ಕಟ, ಬಾಜೂಕ ಕುಂತ ಮಂಜ್ಯಾಗ ಪೂರಾ ಟಿಕೆಟ್. ಅವಾಗ ಇಳಿದಿರೇನು?" ಅತ್ತೆ ಕೇಳಿದಳು.

"ಅದು ಸರ್ಕಾರದ್ದು."

ಅತ್ತೆ ಚೀಲ ತೆರೆದು ಒಂದು ಪಾಸ್‌ಪೋರ್ಟ್ ತೆಗೆದು ಕೌಂಟರಿನ ಮೇಲೆ ಇಟ್ಟಳು. ಇನ್ನೊಂದನ್ನು ಮಾವನ ಕೈಗೆ ಕೊಟ್ಟಳು. "ಒಂದ ತಗಿಯವ್ವಾ. ನಂದು."

"ಮತ್ತ ನಾನು?" ಎಂದರು ಮಾವ.

"ಮಾತು ತಿರುಗಿಸೂ ಮಂದಿ ಸಿಕ್ರ ವ್ಯವಹಾರ ಮುಗೀತು ಅಂದಿದ್ರಲ್ಲ. ಸಿಕ್ರು."

ತನ್ನ ಖಾತೆಯಿಂದಲೇ ಹಣ ಕಟ್ಟಿದಳು. ಟಿಕೆಟ್ ಮುದ್ರಣವಾಗಿ ಹೊರಬರುವಾಗ ಹಾಳೆಯ ತುದಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಹೆರಿಗೆ ಕೋಣೆಯಲ್ಲಿ ಆಕೆ ಮಗುವನ್ನು ಹೀಗೆಯೇ ಹಿಡಿಯುತ್ತಾಳೇನೋ.

ಮರಳುವಾಗ ಕನಕಗಿರಿ, ತಾವರಗೇರಾ ದಾರಿ ಹಿಡಿದೆವು. ಅತ್ತೆ ಮುಂದಿನ ಸೀಟಿನಲ್ಲಿ ಒಬ್ಬಳೇ ಕೂತಳು, ನಾವಿಬ್ಬರು ಅಪರಾಧಿಗಳು ಹಿಂದೆ. ಮಳೆ ನಿಂತು ಬಿಸಿಲು ಇಳಿಮುಖವಾಗಿತ್ತು. ಕನಕಗಿರಿ ದಾಟಿತು. ಮಾವ ನನ್ನ ಫೋನಿನಲ್ಲಿ ಟಿಕೆಟ್ಟಿನ ನಕಲು ತೆರೆಸಿ ಅಕ್ಷರ ಅಕ್ಷರ ಪರೀಕ್ಷಿಸಿದರು. ಹೆಸರು ಸರಿ, ತಾರೀಖು ಸರಿ. "ಖೊಟ್ಟಿ ಇರಬಹುದೇನಲೇ?" ಎಂದರು, ದನಿಯಲ್ಲಿ ಸ್ವಲ್ಪ ಆಸೆಯಿತ್ತು. ವಿಮಾನ ಕಂಪನಿಯ ತಾಣದಲ್ಲಿ ಹುಡುಕಿ ತೋರಿಸಿದೆ. ಅಸಲಿಯೇ ಆಗಿತ್ತು.

ಒಂದೆರಡು ಊರು ದಾಟಿದವು. ಮಾವ ಅತ್ತೆಯ ಹೆರಳನ್ನೇ ನೋಡುತ್ತಿದ್ದರು.

"ಆ ಇನ್ನೊಂದು ಎಷ್ಟಾಗೇತಿ ನೋಡು."

ನೋಡಿದೆ. "ಒಂದು ಲಕ್ಷ ಆರು, ಮಾವ. ತೊಂಬತ್ತೆಂಟರವು ಹೋಗ್ಯಾವ."

ಇವರು ಬಯ್ಯುತ್ತಾರೆ ಎಂದು ಕಾದೆ. ಯಾರು ಮೋಸ ಮಾಡಿದರು ಎಂದೂ ಕೇಳಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡು ನನ್ನ ಕಿವಿಗೆ ಬಾಗಿ, "ಮಾಡಿಬಿಡು. ಎಷ್ಟಿದ್ರ ಅಷ್ಟು" ಎಂದರು.

ಫೋನಿನ ಮೇಲೆ ಬೆರಳಿಟ್ಟೆ. ಮುಂದಿನ ಸೀಟಿನಲ್ಲಿ ಅತ್ತೆ ಕಿಟಕಿಯ ಗಾಜು ಸರಿಸಿ ಗಾಳಿಗೆ ಮುಖ ಕೊಟ್ಟಳು. ಹಿಂದೆ ತಿರುಗಲಿಲ್ಲ.

"ಮಂಜ್ಯಾ, ಅವರಿಗೆ ತಗಸೂದಿದ್ರ ಬ್ಯಾರೆ ದೇಶಕ್ಕ ತಗಸು."