ಪೈಪಿಗೆ ಕಟ್ಟಿದ ಉಪ್ಪು

ಹೈದರಾಬಾದಿನ ಔಷಧ ಕಾರ್ಖಾನೆಯೊಂದರಲ್ಲಿ ದುರಸ್ತಿಗೆ ನಿಲ್ಲಿಸಿದ್ದ ಸ್ಟೀಲ್ ಪೈಪುಗಳನ್ನು ತಪಾಸಣೆ ಮಾಡುತ್ತಿದ್ದೆ. ಬಿಸಿ ದ್ರಾವಕ ಹರಿಯುವ ಪೈಪಿಗೆ ದೃಷ್ಟಿಯಾಗದಿರಲೆಂದು ಬಟ್ಟೆಯಲ್ಲಿ ಉಪ್ಪು ಕಟ್ಟಿದ್ದರು. ಅದು ತೇವಕ್ಕೆ ಕರಗಿ ಪೈಪಿನ ಮೇಲೆ ಇಳಿದಿತ್ತು. ಸ್ಟೇನ್‌ಲೆಸ್ ಸ್ಟೀಲಿಗೆ ಏನೂ ಆಗುವುದಿಲ್ಲವೆಂದು ಜನ ನಂಬುತ್ತಾರೆ. ಆದರೆ ಒತ್ತಡದಲ್ಲಿರುವ ಬಿಸಿ ಪೈಪಿಗೆ ಉಪ್ಪುನೀರು ತಾಗಿದರೆ ಅದು ಹೊರಗೆ ಹೊಳೆಯುತ್ತಲೇ ಒಳಗೊಳಗೆ ಸೀಳಿಹೋಗುತ್ತದೆ.

“ಇದನ್ನ ಬಿಚ್ಚಿಸ್ರಿ,” ಎಂದೆ.

ಕಲಬುರಗಿ ಕಡೆಯ ಸೂಪರ್‌ವೈಸರ್ ಬಸಣ್ಣ ನನ್ನ ಹಣೆಯ ವಿಭೂತಿ ನೋಡಿದರು. “ನೀವೇ ಹಿಂಗಂದ್ರ ಹೆಂಗ್ರಿ ಸರ? ಪೂಜಿ ಮಾಡಿ ಕಟ್ಟೇವಿ.”

ಕೈಮುಗಿದು ನಾನೇ ಬಿಚ್ಚಿದೆ. ಪೈಪು ತೊಳೆದು, ಬಿರುಕು ಹುಡುಕುವ ಕೆಂಪು ಬಣ್ಣ ಹಚ್ಚಿ ಒರೆಸಿ, ಬಿಳಿ ಪುಡಿ ಸಿಂಪಡಿಸಿದೆ. ಬಿರುಕಿಗಿಳಿದಿದ್ದ ಬಣ್ಣ ಪುಡಿಯ ಮೇಲೆ ಬೇರಿನಂತೆ ಕವಲೊಡೆದ ಕೆಂಪು ಗೆರೆಗಳಾಗಿ ಮೂಡಿತು.

“ಕುಂಕುಮ ಉಳದೈತ್ರಿ,” ಎಂದರು ಬಸಣ್ಣ.

ಒರೆಸಿ ಮತ್ತೆ ಸಿಂಪಡಿಸಿದೆ. ಅವೇ ಗೆರೆಗಳು ಅಲ್ಲೇ ಮೂಡಿದವು.

“ಇವತ್ತ ಚಾಲೂ ಆಗಬೇಕ್ರಿ. ದೇವರು ನೋಡ್ಕೋತಾನ, ಸಹಿ ಹಾಕ್ರಿ.”

“ಇದರ ಕೆಳಗ ಯಾರು ನಿಂದರತಾರ?”

“ನಮ್ಮ ಮಂದಿ. ನಾನೂ ಇರ್ತೀನಿ.”

“ದೇವರು ಆಗಲೇ ನೋಡ್ಯಾನ, ಬಸಣ್ಣಾರ. ಅದಕ್ಕೇ ನನ್ನ ಕಳಿಸ್ಯಾನ. ಪೈಪು ಬದಲಾಗೋತನಕ ಸಹಿ ಇಲ್ಲ. ಯಾರು ಹೇಳಿದ್ರೂ ಇಲ್ಲ.”

ಮ್ಯಾನೇಜರ್ ಕೂಗಾಡಿದರು. ನಾನು ಕದಲಲಿಲ್ಲ. ಕೊನೆಗೆ ಪೈಪು ಕತ್ತರಿಸಿ ತೆಗೆದರು. ಬಿರುಕನ್ನು ಬೆರಳಿಂದ ಸವರಿದ ಬಸಣ್ಣ ಮೆಲ್ಲಗೆ ಹೇಳಿದರು: “ತಪ್ಪು ತಿಳೀಬ್ಯಾಡ್ರಿ ಸರ, ಸಿಟ್ಟಿನ್ಯಾಗ ನೀವು ನಾಸ್ತಿಕರಂತ ಆಫೀಸಿನ್ಯಾಗ ಹೇಳಿಬಿಟ್ಟೀನಿ.”

ಆ ಕಾರ್ಖಾನೆಯಲ್ಲಿ ನಾನು ಈಗಲೂ ನಾಸ್ತಿಕನೇ. ಅವತ್ತು ಸಂಜೆ ಪೂಜೆಗೆ ಕೂತಾಗ ದೇವರಿಗೂ ಸುದ್ದಿ ಮುಟ್ಟಿಸಿದೆ. ಅವನೇನೂ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ.